ಕಡಲಿಗೆ ಬಿದ್ದ ಉಂಗುರ ಹುಡುಕುವ ಮುನ್ನ

ನೀರಿನಲ್ಲಿ ತಣ್ಣಗಾದ ಬೆರಳು ಸ್ವಲ್ಪ ಸಣ್ಣಗಾಗುತ್ತದೆ. ಒಂದು ಅಲೆ ಬಡಿದರೆ ಸಾಕು, ಉಂಗುರ ಜಾರಿಹೋಗುತ್ತದೆ. ನಮ್ಮ ಭಾವನ ಮದುವೆಯುಂಗುರ ಹೋದದ್ದೂ ಹೀಗೆಯೇ. ಸ್ನೇಹಿತರೊಬ್ಬರ ಮೆಟಲ್ ಡಿಟೆಕ್ಟರ್ ತಂದು ಸೊಂಟಮಟ್ಟದ ನೀರಿಗೆ ಇಳಿದೆ. ಕಿವಿಯಲ್ಲಿ ಹೆಡ್‌ಫೋನ್, ಕಣ್ಣು ಕಾಲಬುಡದಲ್ಲಿ. ಸದ್ದು ಬಂತೆಂದು ಬಗ್ಗಿದ್ದೇ ತಡ, ಬೆನ್ನಿಗೆ ಬಡಿದ ಅಲೆ ನನ್ನನ್ನು ಮರಳಿಗೆ ಒತ್ತಿತು. ಭಾವ ದಡದಿಂದ ಮೂರು ಸಲ ಕೂಗಿದ್ದರಂತೆ. ನನಗೆ ಒಂದೂ ಕೇಳಿಸಿರಲಿಲ್ಲ.

ಈ ಕೆಲಸದ ನಿಜವಾದ ಅಪಾಯ ಇದೇ. ಈಜು ಬರುತ್ತದೋ ಇಲ್ಲವೋ ಎನ್ನುವುದು ಆಮೇಲಿನ ಮಾತು. ಹುಡುಕುವವನ ಕಣ್ಣು, ಕಿವಿ ಎರಡನ್ನೂ ಯಂತ್ರ ಕಸಿದುಕೊಂಡಿರುತ್ತದೆ. ಹಾಗಾಗಿ ಕಡಲನ್ನು ನೋಡಲೆಂದೇ ಇನ್ನೊಬ್ಬರು ಬೇಕು. ಅವರು ಮೊಬೈಲ್ ನೋಡಬಾರದು, ಮರಳು ಕೆದಕಲೂಬಾರದು. ಹೆಡ್‌ಫೋನನ್ನು ಒಂದೇ ಕಿವಿಗೆ ಹಾಕಿ. ಕೂಗು ಕೇಳದಿದ್ದರೆ ಎಂದು ಒಂದು ಸೀಟಿಯನ್ನೂ ಅವರ ಕೈಗೆ ಕೊಡಿ.

ಮೊದಲು ಪಂಚಾಂಗ ನೋಡಿ

ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಇಳಿಯಲು ಆರು ಗಂಟೆ, ಏರಲು ಆರು ಗಂಟೆ ಎಂದಿಟ್ಟುಕೊಳ್ಳಿ. ಆದರೆ ನೀರು ಒಂದೇ ಸಮನೆ ಏರುವುದಿಲ್ಲ. ಮೊದಲ ಗಂಟೆಯಲ್ಲಿ ಏರಿದ್ದೇ ಗೊತ್ತಾಗುವುದಿಲ್ಲ, ಮೂರನೇ ಮತ್ತು ನಾಲ್ಕನೇ ಗಂಟೆಗಳಲ್ಲಿ ಒಟ್ಟು ಏರಿಕೆಯ ಅರ್ಧದಷ್ಟು ಬಂದುಬಿಡುತ್ತದೆ. ಇಳಿತ ಮುಗಿಯಲು ಎರಡು ಗಂಟೆ ಇರುವಾಗ ಇಳಿಯಿರಿ, ನೀರು ತಿರುಗಿತೆಂದ ಕೂಡಲೇ ದಡಕ್ಕೆ ಬನ್ನಿ.

ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಹೆಚ್ಚು ಮರಳು ತೆರೆದುಕೊಳ್ಳುತ್ತದೆ ನಿಜ. ಆದರೆ ಮರಳಿ ಬರುವ ನೀರೂ ಅಷ್ಟೇ ಜೋರಾಗಿರುತ್ತದೆ. ಹೊಸಬರಿಗೆ ಅಷ್ಟಮಿಯ ಆಚೀಚಿನ ದಿನಗಳೇ ಒಳ್ಳೆಯವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಳಿಯುವ ಮಾತೇ ಬೇಡ. ಅಳಿವೆಯ ಬಾಯಲ್ಲಂತೂ ಯಾವ ತಿಂಗಳಲ್ಲೂ ಬೇಡ. ನದಿಯ ಸೆಳೆತ, ಕಡಲಿನ ಸೆಳೆತ ಎರಡೂ ಅಲ್ಲಿ ಸೇರುತ್ತವೆ.

ಚಿನ್ನ ಸೇರುವ ಜಾಗ, ಕಡಲು ಎಳೆಯುವ ಜಾಗ

ಚಿನ್ನ ನೀರಿಗಿಂತ 19 ಪಟ್ಟು ಭಾರ. ಅಲೆ ಕದಡಿದ ಮರಳಿನಲ್ಲಿ ಅದು ಕೆಳಕೆಳಗೆ ಇಳಿದು, ಗಟ್ಟಿ ಪದರ ಸಿಕ್ಕಲ್ಲಿ ನಿಲ್ಲುತ್ತದೆ. ಮರಳು ದಿಬ್ಬಗಳ ನಡುವಿನ ತಗ್ಗುಗಳಲ್ಲಿ ಇಂಥವು ಸೇರಿಕೊಳ್ಳುವುದರಿಂದ ಹುಡುಕುವವರಿಗೆ ಆ ತಗ್ಗುಗಳ ಮೇಲೇ ಆಸೆ. ದಡಕ್ಕೆ ಬಂದ ನೀರು ಕಡಲಿಗೆ ಹಿಂತಿರುಗುವ ದಾರಿಯೂ ಹೆಚ್ಚಾಗಿ ಅದೇ.

ಇಳಿಯುವ ಮುಂಚೆ ಎತ್ತರದಲ್ಲಿ ನಿಂತು ಹತ್ತು ನಿಮಿಷ ನೋಡಿ. ಎರಡೂ ಬದಿಯಲ್ಲಿ ಅಲೆ ಬಿಳಿ ನೊರೆಯಾಗಿ ಒಡೆಯುತ್ತಿದ್ದು, ನಡುವೆ ಒಂದು ಪಟ್ಟಿ ಮಾತ್ರ ಕಪ್ಪಗೆ, ಶಾಂತವಾಗಿ ಕಾಣುತ್ತಿದೆಯೇ? ನೊರೆ, ಕಸ ಅಲ್ಲಿಂದ ಆಚೆಗೆ ತೇಲಿಹೋಗುತ್ತಿವೆಯೇ? ಹಾಗಿದ್ದರೆ ಆ ಶಾಂತ ನೀರಿಗೆ ಹೋಗಬೇಡಿ.

ಅಕಸ್ಮಾತ್ ಸಿಕ್ಕಿಬಿದ್ದರೆ ಯಂತ್ರವನ್ನು ಬಿಟ್ಟುಬಿಡಿ. ಎಷ್ಟೇ ದುಬಾರಿಯಾದರೂ ಬಿಡಿ. ಕೆಲವರು ಅದು ಕೈತಪ್ಪಬಾರದೆಂದು ಹಗ್ಗದಿಂದ ಮಣಿಕಟ್ಟಿಗೆ ಗಂಟು ಹಾಕಿಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಕ್ಲಿಪ್ ಇರಲಿ. ನೇರ ದಡದತ್ತ ಈಜಲು ಹೋಗಿ ದಣಿಯಬೇಡಿ, ತೇಲಿಕೊಂಡು ಕೈ ಎತ್ತಿ ಕೂಗಿ. ಎಳೆತ ಸಡಿಲವಾದ ಮೇಲೆ ದಡಕ್ಕೆ ಸಮಾನಾಂತರವಾಗಿ ಈಜಿ, ಅಲೆ ಒಡೆಯುವ ಕಡೆಯಿಂದ ಒಳಗೆ ಬನ್ನಿ.

ಅಗೆಯುವ ಹೊತ್ತು

ತೊಡೆಮಟ್ಟಕ್ಕಿಂತ ಆಳಕ್ಕೆ ಹೋಗಬೇಡಿ, ಲೈಫ್ ಜಾಕೆಟ್ ಬಿಚ್ಚಬೇಡಿ. ಸದ್ದು ಬಂದ ಕೂಡಲೇ ಬಗ್ಗದೆ ಮೊದಲು ತಲೆಯೆತ್ತಿ ಕಡಲು ನೋಡಿ. ಅಲೆಗೆ ಬೆನ್ನು ಕೊಡದೆ, ಪಕ್ಕೆ ಕೊಟ್ಟು, ಕಾಲು ಅಗಲಿಸಿ ನಿಲ್ಲಿ. ಉದ್ದ ಹಿಡಿಯ ತೂತಿನ ಸಲಿಕೆಯನ್ನು ಗುರುತಿನ ಒಂದು ಗೇಣು ಹಿಂದೆ ಊರಿ, ಹಿಮ್ಮಡಿಯಿಂದ ತುಳಿಯಿರಿ. ತುಳಿಯುವ ಆ ಕ್ಷಣ ನೀವು ಒಂಟಿಕಾಲಲ್ಲಿ ಇರುತ್ತೀರಿ, ಹಿಂದೆ ಸರಿಯುವ ನೀರು ಇನ್ನೊಂದು ಪಾದದಡಿಯ ಮರಳನ್ನೂ ಕೊರೆಯುತ್ತಿರುತ್ತದೆ. ಆದ್ದರಿಂದ ಎರಡು ಅಲೆಗಳ ನಡುವಿನ ಬಿಡುವಲ್ಲಷ್ಟೇ ತುಳಿಯಿರಿ.

ಬರಿಗೈಯಲ್ಲಿ ಮರಳು ತಡಕಬೇಡಿ. ಯಂತ್ರ ಗಾಳದ ಕೊಕ್ಕೆಗೂ ಕೂಗುತ್ತದೆ, ತುಕ್ಕು ಹಿಡಿದ ಮೊಳೆಗೂ ಕೂಗುತ್ತದೆ. ದಪ್ಪ ಅಡಿಯ ಶೂ, ಕೈಗವಸು ಬೇಕೇಬೇಕು.

ಪಾದ ಎತ್ತಿಡದೆ ಮರಳಲ್ಲೇ ಎಳೆಯುತ್ತಾ ನಡೆಯಿರಿ. ಮರಳಡಿ ಮಲಗಿರುವ ತೊರಕೆ ಮೀನು ಆ ಅಲುಗಾಟಕ್ಕೆ ತಾನೇ ಸರಿದುಹೋಗುತ್ತದೆ. ತುಳಿದರೆ ಮಾತ್ರ ಬಾಲದ ಮುಳ್ಳಿನಿಂದ ಚುಚ್ಚುತ್ತದೆ. ಕಾಲಿಗೆ ಚುಚ್ಚಿದರೆ, ಚರ್ಮ ಸುಡದಷ್ಟು ಬಿಸಿಯ ನೀರಲ್ಲಿ, ಹೆಚ್ಚೆಂದರೆ 45 ಡಿಗ್ರಿ, ಕಾಲಿಟ್ಟುಕೊಂಡರೆ ನೋವು ತಗ್ಗುತ್ತದೆ. ಆಮೇಲೆ ಆಸ್ಪತ್ರೆಗೆ ಹೋಗಲೇಬೇಕು.

ಯಂತ್ರದ ಬಗ್ಗೆ ಒಂದೇ ಮಾತು. ಒಂದೇ ಫ್ರೀಕ್ವೆನ್ಸಿಯ ಸಾಧಾರಣ ಡಿಟೆಕ್ಟರ್ ಉಪ್ಪುನೀರಿನಲ್ಲಿ ಸುಮ್ಮಸುಮ್ಮನೆ ಕೂಗುತ್ತದೆ, ಅದರ ಬೆನ್ನು ಹತ್ತಿ ನೀವು ನೀರಲ್ಲೇ ಉಳಿಯುತ್ತೀರಿ. ಕಡಲಿಗೆ ಪಲ್ಸ್ ಇಂಡಕ್ಷನ್ (ಬಿಟ್ಟುಬಿಟ್ಟು ವಿದ್ಯುತ್ ಮಿಡಿತ ಕಳಿಸಿ ಲೋಹ ಪತ್ತೆಮಾಡುವ ಬಗೆ) ಅಥವಾ ಬಹು ಫ್ರೀಕ್ವೆನ್ಸಿಯ ಯಂತ್ರವೇ ಬೇಕು.

ಹಳೆಯ ನಾಣ್ಯವೋ ಒಡವೆಯೋ ಸಿಕ್ಕರೆ ಜೇಬಿಗಿಳಿಸಬೇಡಿ. ಮಣ್ಣಲ್ಲಿ ಹುದುಗಿದ್ದ ನಿಧಿ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದಾದರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1878ರ ಕಾಯ್ದೆ ಹೇಳುತ್ತದೆ. ಕೊಳವೆಯಂಥ, ಗುಂಡಿನಂಥ ಕಬ್ಬಿಣ ಕಂಡರೆ ಅದು ಸಿಡಿಮದ್ದಿರಬಹುದು, ಮುಟ್ಟದೆ ದೂರ ಸರಿದು 112ಕ್ಕೆ ಕರೆ ಮಾಡಿ.

ಇಳಿಯುವ ಮುಂಚೆ ಜೀವರಕ್ಷಕ ಸಿಬ್ಬಂದಿಗೆ ಹೇಳಿ. ಅವರಿಲ್ಲದ ಕಡೆ, ಅಲ್ಲೇ ಬಲೆ ಸರಿಮಾಡುತ್ತ ಕುಳಿತ ಮೀನುಗಾರರನ್ನು ಆ ದಿನದ ನೀರಿನ ಬಗ್ಗೆ ಕೇಳಿ. ಅವರು ಬೇಡವೆಂದರೆ ಬೇಡ. ಕರಾವಳಿ ಭದ್ರತೆಯ 1093, ಕೋಸ್ಟ್ ಗಾರ್ಡಿನ 1554, ಎರಡೂ ನಂಬರು ಫೋನಿನಲ್ಲಿರಲಿ, ಆ ಫೋನು ದಡದಲ್ಲಿ ಕಾಯುವವರ ಕೈಯಲ್ಲಿರಲಿ.