ಜರ್ಮನಿಗೆ ಕೆಲಸ ಕಲಿಯಲು ಹೊರಟವರೇ, ಆ ಪುಸ್ತಕ ಬರೆಯಿರಿ

ಹುತ್ತರಿಗೆ ಸೋಮವಾರಪೇಟೆಗೆ ಬಂದರೆ ಸಾಕು, ಯಾರಾದರೂ ಮಗನನ್ನೋ ಮಗಳನ್ನೋ ಕರೆದುಕೊಂಡು ಮನೆಗೆ ಬರುತ್ತಾರೆ. "ಔಸ್‌ಬಿಲ್ಡುಂಗ್‌ಗೆ ಹೊರಟಿದ್ದಾನೆ, ಸ್ವಲ್ಪ ಬುದ್ಧಿ ಹೇಳಿ." ಔಸ್‌ಬಿಲ್ಡುಂಗ್ ಅಂದರೆ ಜರ್ಮನಿಯಲ್ಲಿ ಭತ್ಯೆ ಪಡೆಯುತ್ತಾ ಕೆಲಸ ಕಲಿಯುವ ತರಬೇತಿ. ವೀಸಾ, ಜರ್ಮನ್ ಭಾಷೆಯ ಬಿ1 ಪರೀಕ್ಷೆ, ಚಳಿಗೆ ಜಾಕೆಟ್ಟು, ಇವೆಲ್ಲ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಬೆರಿಷ್ಟ್‌ಹೆಫ್ಟ್, ಅಂದರೆ ಕಲಿತದ್ದನ್ನು ದಾಖಲಿಸುವ ಪುಸ್ತಕ, ಎಂದರೆ ಮಾತ್ರ ಮುಖ ಮುಖ ನೋಡಿಕೊಳ್ಳುತ್ತಾರೆ. ನಾನೂ ಹಾಗೇ ಇದ್ದೆ.

ಕೆಲಸ ಕಲಿಸುವವನು ಮಾಲೀಕ, ಪಾಠ ಹೇಳುವುದು ವೃತ್ತಿಶಾಲೆ, ಹೋಟೆಲಿನಂಥ ಕೆಲಸಗಳಿಗೆ ಪರೀಕ್ಷೆ ನಡೆಸುವುದು ಆ ಭಾಗದ ಐಎಚ್‌ಕೆ ಎಂಬ ವಾಣಿಜ್ಯ ಮಂಡಳಿ. 2025ರಲ್ಲಿ ಸೇರಿದವರಿಗೆ ಮೊದಲ ವರ್ಷದ ಕನಿಷ್ಠ ಭತ್ಯೆ ತಿಂಗಳಿಗೆ 682 ಯೂರೋ, ಅದೂ ಕಡಿತಕ್ಕೆ ಮುಂಚೆ. ಯಾವ ಊರಲ್ಲಿ ಯಾವ ಕೆಲಸಕ್ಕೆ ಜನ ಬೇಕು ಎಂದು ಅಲ್ಲಿನ ಸರ್ಕಾರಿ ಉದ್ಯೋಗ ಕಚೇರಿ ಪುಕ್ಕಟೆ ಹೇಳುತ್ತದೆ. ಕಲಿಸುವುದಕ್ಕೆ ಅಂತ ಮಾಲೀಕ ದುಡ್ಡು ಕೇಳಿದರೆ ಕೊಡಬೇಡಿ, ಅಂಥ ಷರತ್ತು ಕಾನೂನಿನಲ್ಲಿ ನಿಲ್ಲುವುದಿಲ್ಲ. ನರ್ಸಿಂಗ್‌ಗೆ ಕಾನೂನೇ ಬೇರೆ, ಅದನ್ನು ಇಲ್ಲಿ ಎಳೆಯುವುದಿಲ್ಲ.

ಈಗ ಪುಸ್ತಕಕ್ಕೆ ಬರೋಣ. ಯಾವ ದಿನ ಏನು ಕಲಿತಿರಿ, ಶಾಲೆಯಲ್ಲಿ ಯಾವ ಪಾಠ ಆಯಿತು ಎಂದು ಬರೆದು, ಕಲಿಸುವವರ ಸಹಿ ಹಾಕಿಸಬೇಕು. ನಾನು ಸೇರಿದ್ದು ಒಂದು ಹೋಟೆಲಿನ ಅಡುಗೆಮನೆಗೆ, ಮೂರು ವರ್ಷದ ಕೋರ್ಸು. ನಮ್ಮ ಕಾಲೇಜಿನ ರೆಕಾರ್ಡ್ ಬುಕ್ ನೆನಪಿದೆ ಅಲ್ವಾ? ಸೀನಿಯರ್‌ದು ತಂದು ಹಿಂದಿನ ರಾತ್ರಿ ಕಾಪಿ ಹೊಡೆಯುವುದು. ಇದೂ ಅಷ್ಟೇ ಅಂದುಕೊಂಡು ಎಂಟು ತಿಂಗಳು ಪೆನ್ನೇ ಮುಟ್ಟಲಿಲ್ಲ. ಆಮೇಲೆ ಒಂದು ಭಾನುವಾರ ಕೂತು ಅಷ್ಟನ್ನೂ ಗೀಚಿದೆ. ಶೆಫ್ ಪುಟ ತಿರುಗಿಸಿದರು, ಒಂದು ತಾರೀಖಿನ ಮೇಲೆ ಬೆರಳಿಟ್ಟರು. ಅವತ್ತು ನಾನು ಸಾಸ್ ಮಾಡಿದ್ದೆ ಅಂತ ಬರೆದಿದ್ದೆ. ಅವತ್ತು ಹೋಟೆಲಿಗೆ ರಜೆ!

ಅವರು ಸಹಿ ಹಾಕಲಿಲ್ಲ. ಸಹಿಯಾದ ಪುಸ್ತಕ ಇಲ್ಲದೆ ಕೊನೆಯ ಪರೀಕ್ಷೆಗೆ ಕೂರಿಸುವುದಿಲ್ಲ. ಪರೀಕ್ಷೆ ಇರುವುದು ವರ್ಷಕ್ಕೆ ಎರಡೇ ಸಲ. ಒಪ್ಪಂದ ಅರ್ಧ ವರ್ಷ ಮುಂದೆ ಹೋಯಿತು. ಜೊತೆಯವರು ಪೂರ್ತಿ ಸಂಬಳ ಎಣಿಸುವಾಗ ನಾನು ಕಲಿಯುವವನ ಭತ್ಯೆಯಲ್ಲೇ ಈರುಳ್ಳಿ ಹೆಚ್ಚುತ್ತಿದ್ದೆ.

ರಾತ್ರಿ ಶಿಫ್ಟ್ ಮುಗಿಸಿ ಬಂದು ನಿದ್ದೆಗಣ್ಣಲ್ಲಿ ಬರೆಯಬೇಕಾಗಿಯೂ ಇಲ್ಲ. ಕೆಲಸದ ಜಾಗದಲ್ಲೇ ಬರೆಯಲು ಅವಕಾಶ ಕೊಡಬೇಕು ಅಂತ ಕಾನೂನೇ ಹೇಳುತ್ತದೆ. ನಮ್ಮ ಹುಡುಗರು ಕೇಳುವುದಕ್ಕೆ ಸಂಕೋಚಪಡುತ್ತಾರೆ. ಕೇಳಿ.

ಇನ್ನೊಂದು, ಮಾಲೀಕರಿಗೆ ಬೇಜಾರಾದೀತು ಅಂತ ಸುಳ್ಳು ಬರೆಯಬೇಡಿ. ನಾಲ್ಕು ವಾರ ಬರೀ ಪಾತ್ರೆ ತೊಳೆದಿದ್ದರೆ 'ಪಾತ್ರೆ ತೊಳೆದೆ' ಎಂದೇ ಬರೆಯಿರಿ. ಕಲಿಕೆಗೆ ಸಂಬಂಧಪಡದ ಕೆಲಸಕ್ಕೆ ನಿಮ್ಮನ್ನು ಹಚ್ಚುವ ಹಾಗಿಲ್ಲ. ಮುಂದೆ ಜಗಳವಾದರೆ ನಿಮ್ಮ ಕೈಯಲ್ಲಿರುವ ಸಾಕ್ಷಿ ಅದೊಂದೇ. 'ಸೂಪ್ ಕಲಿತೆ' ಅಂತ ಬರೆದವನ ಪರವಾಗಿ ಐಎಚ್‌ಕೆಯವರು ಏನು ಮಾತಾಡುತ್ತಾರೆ?

ಕಲಿಸುವುದರಲ್ಲಿ ನಮ್ಮ ತೋಟಗಳೇ ಮೇಲು ಅಂತ ನನಗೆ ಈಗಲೂ ಅನಿಸುತ್ತದೆ. ಮರಗಸಿ, ಅಂದರೆ ಕಾಫಿ ತೋಟದ ನೆರಳಿನ ಮರಗಳ ಕೊಂಬೆ ಸವರುವ ಕೆಲಸ, ಮಾಡುವವನ ಹಿಂದೆ ಎರಡು ಮಳೆಗಾಲ ಓಡಾಡಿದ ಹುಡುಗನಿಗೆ ಯಾವ ಕೊಂಬೆ ಬಿಡಬೇಕು ಅಂತ ಯಾವ ಶಾಲೆಯೂ ಹೇಳಿಕೊಡಬೇಕಿಲ್ಲ. ಆದರೆ ಅವನು ಪಕ್ಕದ ತೋಟಕ್ಕೆ ಹೋದರೆ ಮತ್ತೆ ಹೊಸಬನ ಕೂಲಿ. ಕೈಯಲ್ಲಿ ಕಾಗದ ಇಲ್ಲವಲ್ಲ.

ಈಗಾಗಲೇ ಅಲ್ಲಿದ್ದು ವಾರಗಳು ಬಾಕಿ ಬಿದ್ದಿದ್ದರೆ ನನ್ನ ಹಾಗೆ ಕತೆ ಕಟ್ಟಬೇಡಿ. ಡ್ಯೂಟಿ ಪಟ್ಟಿಯ ಪ್ರತಿ, ಶಾಲೆಯ ವೇಳಾಪಟ್ಟಿ ಎರಡನ್ನೂ ಎದುರಿಗಿಟ್ಟುಕೊಂಡು ಬರೆಯಿರಿ. ರಜೆಯ ದಿನಗಳನ್ನು ಮೊದಲು ತುಂಬಿಸಿ.