‘ತೋಳು’ ಎಂದು ಬರೆದದ್ದು ನಾನೇ

ಔಷಧ ಸಂಶೋಧನೆಗೆ ಸೇರುವವರು ಓದಿ ಸಹಿ ಹಾಕುವ ಒಪ್ಪಿಗೆ ಪತ್ರಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದು ನನ್ನ ಕೆಲಸ. ಈ ಕೆಲಸಕ್ಕೆ ಬಂದ ಮೊದಲ ವರ್ಷ ನಾನು ಕನ್ನಡಕ್ಕೆ ತಂದ ಒಪ್ಪಿಗೆ ಪತ್ರವೊಂದರಲ್ಲಿ ಹೀಗೊಂದು ವಾಕ್ಯವಿತ್ತು: ‘ನಿಮ್ಮನ್ನು ಅಧ್ಯಯನದ ಎರಡು ತೋಳುಗಳಲ್ಲಿ ಒಂದಕ್ಕೆ ಯಾದೃಚ್ಛಿಕವಾಗಿ ನಿಯೋಜಿಸಲಾಗುವುದು.’ ಬರೆದಾಗ ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಔಷಧ ಸಂಶೋಧನೆಯಲ್ಲಿ ಭಾಗವಹಿಸುವವರನ್ನು ಗುಂಪುಗಳಾಗಿ ವಿಂಗಡಿಸುತ್ತಾರೆ, ಆ ಗುಂಪಿಗೆ ಇಂಗ್ಲಿಷಿನಲ್ಲಿ ‘ಆರ್ಮ್’ ಎನ್ನುತ್ತಾರೆ, ಆರ್ಮ್ ಎಂದರೆ ತೋಳು. ಮುಗಿಯಿತು.

ಆ ಪತ್ರವನ್ನು ಮೊದಲ ಬಾರಿ ಓದಿಸುವ ದಿನ ನಾನೂ ಕೋಣೆಯ ಮೂಲೆಯಲ್ಲಿ ಕುಳಿತಿದ್ದೆ. ಐವತ್ತು ದಾಟಿದ ಹೆಂಗಸು. ನರ್ಸ್ ಓದುತ್ತಾ ಹೋದರು, ಆಕೆ ತಲೆಯಾಡಿಸುತ್ತಾ ಹೋದರು. ಮೇಲಿನ ವಾಕ್ಯ ಬಂದಾಗ ಆಕೆ ಎಡಗೈಯ ಬಳೆಗಳನ್ನು ಮೇಲಕ್ಕೆ ಸರಿಸಿ, ತೋಳು ಮುಂದೆ ಚಾಚಿ ಹೇಳಿದರು: “ಇದಕ್ಕೇ ಹಾಕಿ ಅಮ್ಮ. ಬಲಗೈ ನೋಯುತ್ತಿದ್ದರೆ ನನ್ನ ಕೆಲಸ ನಡೆಯುವುದಿಲ್ಲ.”

ಯಾರೂ ನಗಲಿಲ್ಲ. ನಗುವಂಥದ್ದೂ ಅಲ್ಲ. ಆಕೆ ಕೇಳಿದ್ದನ್ನು ಸರಿಯಾಗಿಯೇ ಅರ್ಥ ಮಾಡಿಕೊಂಡಿದ್ದರು. ನಾನು ಬರೆದದ್ದು ಅಷ್ಟೇ ಇತ್ತು.

ಆಮೇಲೆ ನನ್ನನ್ನು ಕಾಡಿದ್ದು ಬೇರೆ ವಿಚಾರ. ಆ ಪತ್ರ ಪರೀಕ್ಷೆಯಿಲ್ಲದೆ ಅಲ್ಲಿಗೆ ಬಂದಿರಲಿಲ್ಲ. ಇಂಥ ಪತ್ರಗಳಿಗೆ ಮರುಭಾಷಾಂತರ ಎಂಬ ತಪಾಸಣೆ ಇರುತ್ತದೆ. ನಾನು ಕನ್ನಡಕ್ಕೆ ತಂದದ್ದನ್ನು, ಮೂಲ ನೋಡಿರದ ಇನ್ನೊಬ್ಬರು ತಿರುಗಿ ಇಂಗ್ಲಿಷಿಗೆ ತರುತ್ತಾರೆ. ಎರಡೂ ಇಂಗ್ಲಿಷ್ ಪ್ರತಿಗಳನ್ನು ಪಕ್ಕದಲ್ಲಿಟ್ಟು ಹೋಲಿಸುತ್ತಾರೆ. ನನ್ನ ‘ತೋಳು’ ಅಚ್ಚುಕಟ್ಟಾಗಿ ‘ಆರ್ಮ್’ ಆಗಿಯೇ ವಾಪಸು ಹೋಗಿತ್ತು. ತಪಾಸಣೆ ಪಾಸು. ‘ಎರಡು ಗುಂಪುಗಳಲ್ಲಿ ಒಂದಕ್ಕೆ’ ಎಂದು ಸರಿಯಾಗಿ ಬರೆದಿದ್ದರೆ ಅದು ‘ಗ್ರೂಪ್’ ಎಂದು ಹಿಂತಿರುಗಿ, ‘ಮೂಲದಲ್ಲಿ ಹೀಗಿಲ್ಲವಲ್ಲ’ ಎಂಬ ಟಿಪ್ಪಣಿ ಬರುತ್ತಿತ್ತು. ವಾಕ್ಯ ಬಿಟ್ಟುಹೋಗಿದೆಯೇ, ‘ಇಲ್ಲ’ ಎಂಬಲ್ಲಿ ‘ಇದೆ’ ಆಗಿದೆಯೇ, ಅಂಕಿ ತಪ್ಪಿದೆಯೇ ಎಂದು ನೋಡಲು ಮರುಭಾಷಾಂತರ ಒಳ್ಳೆಯ ಉಪಾಯ. ಕೇಳುವವರ ತಲೆಯಲ್ಲಿ ಯಾವ ಚಿತ್ರ ಮೂಡುತ್ತದೆ ಎಂಬುದನ್ನು ಮಾತ್ರ ಅದು ನೋಡಲಾರದು. ಪದಕ್ಕೆ ಪದ ಇಟ್ಟವನಿಗೇ ಅಲ್ಲಿ ಹೆಚ್ಚು ಅಂಕ.

ಆ ದಿನದಿಂದ ನಾನು ಬೇರೆಯವರು ಮಾಡಿದ ಪತ್ರಗಳನ್ನೂ ಕೆದಕತೊಡಗಿದೆ. ‘ರಿಸರ್ಚ್ ಸಬ್ಜೆಕ್ಟ್’, ಅಂದರೆ ಅಧ್ಯಯನಕ್ಕೆ ಒಳಗಾಗುವ ವ್ಯಕ್ತಿ, ‘ಸಂಶೋಧನಾ ವಿಷಯ’ ಆಗಿ, ‘ವಿಷಯವು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರತಕ್ಕದ್ದು’ ಎಂಬ ವಾಕ್ಯವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಿಂದಿನ ಅಧ್ಯಯನದಲ್ಲಿ ಔಷಧದಿಂದ ಹೆಚ್ಚು ತೊಂದರೆಯಾಗಲಿಲ್ಲ ಎನ್ನಬೇಕಾದಲ್ಲಿ ‘ರೋಗಿಗಳು ಔಷಧವನ್ನು ಚೆನ್ನಾಗಿ ಸಹಿಸಿಕೊಂಡರು’ ಎಂದಿತ್ತು. ಓದಿದವರಿಗೆ ಪಾಪ, ಎಷ್ಟು ಅನುಭವಿಸಿದರೋ ಎನ್ನಿಸಬೇಕು. ಇವೆಲ್ಲಕ್ಕಿಂತ ಮೇಲಿನದು ಕಣ್ಣಿನ ಔಷಧದ ಅಧ್ಯಯನವೊಂದರ ಕರಡು: ‘ಇದು ಎರಡು ಕಡೆಯೂ ಕುರುಡಾದ ಅಧ್ಯಯನ.’ ‘ಡಬಲ್ ಬ್ಲೈಂಡ್’ ಎಂಬುದನ್ನು ಪದಕ್ಕೆ ಪದ ಇಟ್ಟದ್ದು. ಕಣ್ಣಿನ ತಜ್ಞರು ಇಂಗ್ಲಿಷಿನಲ್ಲೇ ‘ಬ್ಲೈಂಡ್’ ಎಂಬ ಪದವನ್ನು ದೂರವಿಟ್ಟು ‘ಮಾಸ್ಕ್’ ಎನ್ನುವುದಕ್ಕೆ ಕಾರಣವಿದೆ. ಪಾರಿಭಾಷಿಕ ಪದಕ್ಕೆ ಪಾರಿಭಾಷಿಕ ಪದ ಹುಡುಕುವುದನ್ನು ನಾನು ಅಲ್ಲಿಗೇ ಬಿಟ್ಟೆ. ಈಗ ಬರೆಯುವುದು ಇಷ್ಟು: ‘ನಿಮಗೆ ಕೊಡುತ್ತಿರುವುದು ಎರಡರಲ್ಲಿ ಯಾವುದು ಎಂಬುದು ನಿಮಗೂ ತಿಳಿದಿರುವುದಿಲ್ಲ, ನಿಮ್ಮನ್ನು ನೋಡುವ ವೈದ್ಯರಿಗೂ ತಿಳಿದಿರುವುದಿಲ್ಲ. ತುರ್ತು ಬಂದರೆ ಕೂಡಲೇ ತಿಳಿದುಕೊಳ್ಳುವ ವ್ಯವಸ್ಥೆ ಇದೆ.’ ಒಂದು ಪದದ ಜಾಗದಲ್ಲಿ ಎರಡು ವಾಕ್ಯ. ಪತ್ರ ಉದ್ದವಾಯಿತು ಎಂದು ದೂರುವವರಿಗೆ ನಾನು ಬೇರೆ ಕಡೆ ಕತ್ತರಿ ಹಾಕಿ ತೋರಿಸುತ್ತೇನೆ. ಕತ್ತರಿಸಲು ಜಾಗ ಯಾವಾಗಲೂ ಇರುತ್ತದೆ.

ಸರಳಗೊಳಿಸು ಎಂದಾಗ ಇಂಗ್ಲಿಷ್ ಪದ ಬಿಟ್ಟು ಪುಸ್ತಕದ ಕನ್ನಡದ ಕಡೆಗೆ ಓಡುವುದು ಇನ್ನೊಂದು ಚಟ. ನನಗೂ ಇತ್ತು. ‘ಮೂತ್ರಪಿಂಡ’, ‘ಯಕೃತ್ತು’ ಎಂದು ಬರೆದು ಹೆಮ್ಮೆಪಟ್ಟಿದ್ದೇನೆ. ಕೇಳುವವರು ‘ಕಿಡ್ನಿ’, ‘ಲಿವರ್’ ಎನ್ನುತ್ತಾರೆ. ಶಾಲೆ ಮೆಟ್ಟಿಲು ಹತ್ತದವರೂ ಶುಗರ್, ಬಿಪಿ, ಸ್ಕ್ಯಾನಿಂಗ್, ಇಸಿಜಿ ಎನ್ನುತ್ತಾರೆ. ಇಲ್ಲಿ ಪುಸ್ತಕದ ಕನ್ನಡವೇ ಕಷ್ಟದ ಪದ, ಇಂಗ್ಲಿಷಿನಿಂದ ಬಂದದ್ದೇ ಮನೆಮಾತು. ಹಾಗೆಂದು ಬಂದ ಪದಗಳನ್ನೆಲ್ಲ ನಂಬುವಂತೆಯೂ ಇಲ್ಲ. “ನಿಮಗೆ ಹೈಪರ್‌ಟೆನ್ಷನ್ ಇದೆಯೇ?” ಎಂದು ಕೇಳಿದ್ದಕ್ಕೆ, ವರ್ಷಗಳಿಂದ ಬಿಪಿ ಮಾತ್ರೆ ನುಂಗುತ್ತಿದ್ದ ಒಬ್ಬರು “ಇಲ್ಲ ಸರ್, ಮಗನಿಗೆ ಕೆಲಸ ಸಿಕ್ಕ ಮೇಲೆ ಟೆನ್ಷನ್ ಏನೂ ಇಲ್ಲ” ಎಂದರು. ‘ನೆಗೆಟಿವ್’ ಎಂಬುದೂ ಹಾಗೆಯೇ. ವರದಿ ನೆಗೆಟಿವ್ ಬಂತು ಎಂದರೆ ಮುಖ ಕಪ್ಪಿಡುವವರಿದ್ದಾರೆ. ‘ಪರೀಕ್ಷೆಯಲ್ಲಿ ಆ ಸೋಂಕು ಕಂಡುಬರಲಿಲ್ಲ’ ಎಂದು ಬಿಡಿಸಿ ಹೇಳಿದರೆ ಕಳೆದುಕೊಳ್ಳುವುದೇನು?

ಕನ್ನಡದ್ದೇ ಆದ ಒಂದು ಗೋಜಲನ್ನು ಇಲ್ಲಿ ಹೇಳಬೇಕು. ‘ತೀವ್ರ’ ಎಂಬ ಪದವನ್ನು ನಾವು ಎರಡು ಕೆಲಸಕ್ಕೆ ದುಡಿಸುತ್ತೇವೆ. ದಿಢೀರನೆ ಶುರುವಾದ ಕಾಯಿಲೆಗೂ ತೀವ್ರ, ಜೋರಾಗಿರುವ ಕಾಯಿಲೆಗೂ ತೀವ್ರ. ದಿಢೀರನೆ ಬಂದದ್ದು ಸಣ್ಣದಿರಬಹುದು, ವರ್ಷಗಟ್ಟಲೆ ಇರುವುದು ಜೋರಾಗಿರಬಹುದು. ಜೊತೆಗೆ ‘ಗಂಭೀರ’ ಬೇರೆ. ಸಂಶೋಧನೆಯ ನಿಯಮಗಳಲ್ಲಿ ಗಂಭೀರ ಎಂಬುದಕ್ಕೆ ಗೆರೆ ಎಳೆದ ಅರ್ಥವಿದೆ: ಸಾವು, ಪ್ರಾಣಾಪಾಯ, ಆಸ್ಪತ್ರೆಗೆ ದಾಖಲಾಗುವುದು ಅಥವಾ ಅಲ್ಲಿನ ವಾಸ ಮುಂದುವರಿಯುವುದು, ಉಳಿದುಬಿಡುವ ಊನ, ಹುಟ್ಟುವ ಮಗುವಿನಲ್ಲಿ ದೋಷ. ತಲೆ ಸಿಡಿಯುವಂಥ ನೋವು ಸಂಜೆಗೆ ತಾನಾಗಿ ಇಳಿದರೆ ಅದು ಜೋರಾದದ್ದು, ಆದರೆ ಈ ಲೆಕ್ಕದಲ್ಲಿ ಗಂಭೀರವಲ್ಲ. ಆದ್ದರಿಂದ ನನ್ನ ಪತ್ರಗಳಲ್ಲಿ ‘ತೀವ್ರ’ ಎಂಬ ಪದವೇ ಇರುವುದಿಲ್ಲ. ‘ಇದ್ದಕ್ಕಿದ್ದಂತೆ ಶುರುವಾಗುವ’, ‘ಜೋರಾದ’, ‘ಆಸ್ಪತ್ರೆಗೆ ಸೇರಬೇಕಾಗುವಂಥ’ ಎಂದು ಎಲ್ಲಿ ಯಾವುದು ಬೇಕೋ ಅದು.

‘ಸಾಮಾನ್ಯ’ ಇದಕ್ಕಿಂತ ಕಳ್ಳ ಪದ. ‘ಸಾಮಾನ್ಯ ಅಡ್ಡಪರಿಣಾಮಗಳು: ವಾಂತಿ, ಕೂದಲು ಉದುರುವುದು’ ಎಂದು ಬರೆದರೆ ಎಷ್ಟೋ ಜನ ಅದನ್ನು ‘ಚಿಕ್ಕಪುಟ್ಟ, ಚಿಂತೆ ಮಾಡಬೇಕಿಲ್ಲದ’ ಎಂದು ಓದಿಕೊಳ್ಳುತ್ತಾರೆ. ಬರೆದವರ ಮನಸ್ಸಿನಲ್ಲಿ ಇದ್ದದ್ದು ಎಷ್ಟು ಜನರಿಗೆ ಆಗುತ್ತದೆ ಎಂಬ ಲೆಕ್ಕ. ಯುರೋಪಿನ ಔಷಧ ಮಾಹಿತಿಯ ಪದ್ಧತಿಯಲ್ಲಿ ‘ಸಾಮಾನ್ಯ’ ಎಂದರೆ 100ರಲ್ಲಿ ಒಬ್ಬರಿಂದ 10ರಲ್ಲಿ ಒಬ್ಬರವರೆಗೆ. ‘ವಿರಳ’ ಎಂದರೆ 10,000ದಲ್ಲಿ ಒಬ್ಬರಿಂದ 1,000ದಲ್ಲಿ ಒಬ್ಬರವರೆಗೆ. ಎದುರು ಕುಳಿತು ಕೇಳುವವರಿಗೆ ಈ ಒಪ್ಪಂದ ಗೊತ್ತಿರಲು ಸಾಧ್ಯವೇ? ಅಂಕಿಯನ್ನೇ ಹೇಳಿಬಿಡುವುದು ಮೇಲು: ‘ಈ ಔಷಧ ತೆಗೆದುಕೊಂಡ 100 ಜನರಲ್ಲಿ ಸುಮಾರು 8 ಜನರಿಗೆ ವಾಂತಿಯಾಯಿತು, 92 ಜನರಿಗೆ ಆಗಲಿಲ್ಲ.’ ಎರಡೂ ಕಡೆ ಹೇಳುತ್ತೇನೆ, ಬುಡದ ಸಂಖ್ಯೆ ಬದಲಿಸುವುದಿಲ್ಲ. ಒಂದು ಸಾಲಿನಲ್ಲಿ 100ರಲ್ಲಿ 8, ಮುಂದಿನ ಸಾಲಿನಲ್ಲಿ 40ರಲ್ಲಿ 1 ಎಂದರೆ ಗಣಿತ ಬಲ್ಲವರೂ ಒಮ್ಮೆ ನಿಲ್ಲಬೇಕಾಗುತ್ತದೆ. ‘ಅಪಾಯ ಅರ್ಧಕ್ಕೆ ಇಳಿಯುತ್ತದೆ’ ಎಂಬ ಮಾತು ಕರಡಿನಲ್ಲಿ ಕಂಡರೆ ಎಷ್ಟರಿಂದ ಎಷ್ಟಕ್ಕೆ ಎಂದು ಕೇಳಿ ವಾಪಸು ಕಳುಹಿಸುತ್ತೇನೆ. 100ರಲ್ಲಿ 2 ಇದ್ದದ್ದು 1 ಆದರೂ ಅರ್ಧವೇ, 40 ಇದ್ದದ್ದು 20 ಆದರೂ ಅರ್ಧವೇ.

‘ಯಾದೃಚ್ಛಿಕ’ಕ್ಕೆ ಬದಲಾಗಿ ಮೊದಲು ‘ಲಾಟರಿಯಂತೆ’ ಎಂದು ಬರೆದು ನೋಡಿದೆ. ಥಟ್ಟನೆ ಅರ್ಥವಾಯಿತು, ಆದರೆ ಅಡ್ಡಬಿದ್ದ ಅರ್ಥ. ಲಾಟರಿ ಎಂದರೆ ಬಹುಮಾನ. ಹೊಸ ಔಷಧದ ಗುಂಪಿಗೆ ಬಿದ್ದವರು ಗೆದ್ದರು, ಉಳಿದವರು ಸೋತರು. ಹೊಸದು ಹಳೆಯದಕ್ಕಿಂತ ಒಳ್ಳೆಯದೋ ಅಲ್ಲವೋ ಎಂದು ತಿಳಿಯದೆ ಇರುವುದಕ್ಕೇ ತಾನೇ ಅಧ್ಯಯನ ನಡೆಯುತ್ತಿರುವುದು? ‘ನಾಣ್ಯ ಚಿಮ್ಮಿದಂತೆ’ ಎಂಬುದು ವಾಸಿ, ಆದರೆ ಮೂವರಲ್ಲಿ ಇಬ್ಬರಿಗೆ ಔಷಧ ಕೊಡುವ ಅಧ್ಯಯನಕ್ಕೆ ಅದು ಸುಳ್ಳಾಗುತ್ತದೆ. ಕೊನೆಗೆ ‘ಚೀಟಿ ಎತ್ತಿದಂತೆ’ ಎಂಬಲ್ಲಿ ನಿಂತೆ. ‘ಮೂರು ಚೀಟಿಗಳಲ್ಲಿ ಎರಡರ ಮೇಲೆ ಔಷಧ ಎಂದು ಬರೆದಿದೆ ಎಂದುಕೊಳ್ಳಿ. ಯಾವ ಚೀಟಿ ಬರುತ್ತದೆ ಎಂಬುದು ವೈದ್ಯರ ಕೈಯಲ್ಲೂ ಇಲ್ಲ, ನಿಮ್ಮ ಕೈಯಲ್ಲೂ ಇಲ್ಲ, ಕಂಪ್ಯೂಟರ್ ಎತ್ತುತ್ತದೆ.’ ಪ್ಲಸೀಬೊಗೆ ‘ಹುಸಿಮಾತ್ರೆ’ ಎಂಬ ಚೆಂದದ ಪದವಿದೆ, ನಾನು ಬಳಸುವುದಿಲ್ಲ. ಹುಸಿ ಎಂದೊಡನೆ ಯಾರೋ ಮೋಸ ಮಾಡುತ್ತಿದ್ದಾರೆ ಎಂಬ ವಾಸನೆ ಬರುತ್ತದೆ. ‘ನೋಡಲು ಅದೇ ರೀತಿ ಇರುವ, ಒಳಗೆ ಔಷಧವಿಲ್ಲದ ಮಾತ್ರೆ’ ಎಂದರೆ ಸಾಕು.

ನನಗೂ ಸಂಶೋಧಕರಿಗೂ ಹೆಚ್ಚು ಜಟಾಪಟಿ ನಡೆಯುವುದು ‘ಪ್ರಯೋಗ’ ಎಂಬ ಪದದ ಮೇಲೆ. ಜನ ಹೆದರುತ್ತಾರೆ, ‘ಹೊಸ ಚಿಕಿತ್ಸೆ’ ಎಂದು ಹಾಕಿ ಎನ್ನುತ್ತಾರೆ ಅವರು. ಹೆದರುವುದು ನಿಜ. ಆದರೆ ‘ಹೊಸ’ ಎಂಬುದು ಜಾಹೀರಾತಿನ ಪದ, ‘ಚಿಕಿತ್ಸೆ’ ಎಂಬುದು ವಾಸಿಯಾಗುತ್ತದೆ ಎಂಬ ಭರವಸೆ. ಸಂಶೋಧನೆಗೆ ಸೇರಿದವರು ಅದನ್ನು ತಮಗೆಂದೇ ಆರಿಸಿದ ಚಿಕಿತ್ಸೆ ಎಂದುಕೊಂಡುಬಿಡುವ ಭ್ರಮೆಗೆ ಅಮೆರಿಕದ ಮನೋವೈದ್ಯ ಪಾಲ್ ಆಪಲ್‌ಬಾಮ್ ಮತ್ತು ಅವರ ಸಹೋದ್ಯೋಗಿಗಳು 1982ರಲ್ಲೇ ಒಂದು ಹೆಸರು ಕೊಟ್ಟಿದ್ದಾರೆ, ಚಿಕಿತ್ಸೆಯ ತಪ್ಪುಗ್ರಹಿಕೆ ಎಂದು. ಅದನ್ನು ನಮ್ಮ ಪದಗಳೇ ಬೆಳೆಸುತ್ತವೆ. ನಾನು ಬರೆಯುವುದು ‘ಕೆಲಸ ಮಾಡುತ್ತದೋ ಇಲ್ಲವೋ ಇನ್ನೂ ಗೊತ್ತಿಲ್ಲದ ಔಷಧ’ ಎಂದು. ಕೇಳಲು ಹಿತವಾಗಿಲ್ಲ, ಒಪ್ಪುತ್ತೇನೆ.

ಈ ಹಟಕ್ಕೆ ಹಳೆಯ ಕಥೆಯೊಂದು ಕಾರಣ. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಅಲ್ಲಿನ ಸರ್ಕಾರದ ಆರೋಗ್ಯ ಇಲಾಖೆಯೇ ಸುಮಾರು 600 ಕಪ್ಪು ಜನಾಂಗದ ಗಂಡಸರನ್ನು ಅಧ್ಯಯನಕ್ಕೆ ಒಳಪಡಿಸಿತು. ಅವರಲ್ಲಿ 399 ಜನರಿಗೆ ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ಕಾಯಿಲೆ ಇತ್ತು. ಅವರಿಗೆ ಹೇಳಿದ್ದು ‘ನಿಮ್ಮ ರಕ್ತ ಕೆಟ್ಟಿದೆ’ ಎಂದು. ಅದನ್ನು ವಾಸಿಮಾಡುವ ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಬೆನ್ನುಹುರಿಯ ನೀರು ತೆಗೆಯುವ ನೋವಿನ ಪರೀಕ್ಷೆಗೆ ಕರೆಯುವಾಗ ಪತ್ರದಲ್ಲಿ ‘ವಿಶೇಷ ಉಚಿತ ಚಿಕಿತ್ಸೆ’ ಎಂದು ಬರೆದರು. ‘ಕೆಟ್ಟ ರಕ್ತ’ ಎಂಬುದು ಅಲ್ಲಿನ ಜನರ ಬಾಯಲ್ಲೇ ಇದ್ದ ಮಾತು. ಒಂದು ಕಷ್ಟದ ಪದವೂ ಇಲ್ಲ. ಸರಳ ಭಾಷೆಯ ಪರೀಕ್ಷೆಗೆ ಹಚ್ಚಿದರೆ ನೂರಕ್ಕೆ ನೂರು ಅಂಕ ಬರುತ್ತಿತ್ತು. ಸರಳ ಭಾಷೆಯನ್ನು ಕೊಂಡಾಡುವ ಸಭೆಗಳಲ್ಲಿ ನನಗೆ ಇದು ನೆನಪಾಗಿ ಸುಮ್ಮನಾಗುತ್ತೇನೆ.

ವ್ಯಾಕರಣದಲ್ಲೂ ಅಡಗಿಕೊಳ್ಳಲು ಜಾಗವಿದೆ. ‘ರಕ್ತವನ್ನು ಸಂಗ್ರಹಿಸಲಾಗುವುದು’, ‘ಮಾಹಿತಿಯನ್ನು ಹಂಚಿಕೊಳ್ಳಲಾಗುವುದು’. ಯಾರು ಸಂಗ್ರಹಿಸುತ್ತಾರೆ, ಯಾರಿಗೆ ಹಂಚುತ್ತಾರೆ? ಕರಡು ಕೈಗೆ ಬಂದ ಕೂಡಲೇ ನಾನು ಮಾಡುವ ಮೊದಲ ಕೆಲಸ ‘ಲಾಗುವುದು’ ಎಂಬುದಕ್ಕೆಲ್ಲ ಕೆಂಪು ಗೆರೆ ಎಳೆಯುವುದು. ‘ನರ್ಸ್ ನಿಮ್ಮ ಕೈಯಿಂದ 10 ಮಿಲಿಲೀಟರ್, ಅಂದರೆ ಎರಡು ಟೀ ಚಮಚದಷ್ಟು ರಕ್ತ ತೆಗೆಯುತ್ತಾರೆ.’ ಮಾಡುವವರು ಯಾರೆಂದು ಸಂಶೋಧಕರನ್ನು ಕೇಳಿದಾಗ ಅವರಿಗೇ ಉತ್ತರ ಗೊತ್ತಿಲ್ಲದ ಸಂದರ್ಭಗಳೂ ಇವೆ.

ಬರೆದದ್ದನ್ನು ಪರೀಕ್ಷಿಸಲು ನಾನು ನೆಚ್ಚಿಕೊಂಡಿರುವುದು ತಿರುಗಿ ಹೇಳಿಸುವುದನ್ನು. “ಅರ್ಥವಾಯಿತೇ?” ಎಂದು ಕೇಳುವುದನ್ನು ನಮ್ಮ ತಂಡದಲ್ಲಿ ನಿಲ್ಲಿಸಿದ್ದೇವೆ. ಬಿಳಿ ಕೋಟಿನವರು ಹಾಗೆ ಕೇಳಿದರೆ “ಆಯಿತು” ಎಂಬುದೊಂದೇ ಉತ್ತರ. ಅದರ ಬದಲು ಹೀಗೆ: “ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡಿಕೊಳ್ಳಬೇಕು. ಮನೆಯಲ್ಲಿ ಇದೇನು ಎಂದು ಕೇಳಿದರೆ ನೀವು ಹೇಗೆ ಹೇಳುತ್ತೀರಿ?” ತಪ್ಪಿದರೆ ತಪ್ಪು ನನ್ನದು ಎಂದು ಮೊದಲೇ ಒಪ್ಪಿಕೊಂಡದ್ದರಿಂದ ಅವರು ನಿರಾಳವಾಗಿ ಮಾತನಾಡುತ್ತಾರೆ. ಆಗ ಅವರು ಬಳಸುವ ಪದಗಳನ್ನು ಬರೆದುಕೊಳ್ಳುತ್ತೇನೆ. ನನ್ನ ಒಳ್ಳೆಯ ವಾಕ್ಯಗಳಲ್ಲಿ ಅರ್ಧ ಅಲ್ಲಿಂದ ಕದ್ದವು. ‘ನಿಮ್ಮ ಸಮ್ಮತಿಯನ್ನು ಹಿಂಪಡೆಯಬಹುದು’ ಎಂಬುದನ್ನು ಒಬ್ಬರು “ಸಾಕು ಎನ್ನಿಸಿದ ದಿನ ಬಿಟ್ಟುಬಿಡಬಹುದು, ಯಾರೂ ಬೈಯುವುದಿಲ್ಲ” ಎಂದು ಹೇಳಿದರು. ಬೈಯುವುದನ್ನು ತೆಗೆದು ‘ನಿಮ್ಮ ಚಿಕಿತ್ಸೆಗೆ ಏನೂ ತೊಂದರೆಯಾಗುವುದಿಲ್ಲ’ ಎಂದು ಸೇರಿಸಿದೆ, ಉಳಿದದ್ದು ಅವರದೇ.

ಈಚಿನ ಪತ್ರವೊಂದರಲ್ಲಿ ‘ರಕ್ತದ ಮಾದರಿಯನ್ನು ಅನಿರ್ದಿಷ್ಟ ಅವಧಿಗೆ ಸಂಗ್ರಹಿಸಿಡಲಾಗುವುದು’ ಎಂದಿತ್ತು. ‘ಮಾದರಿ’ ಎಂಬುದನ್ನು ತೆಗೆದು ‘ನೀವು ಕೊಟ್ಟ ರಕ್ತ’ ಮಾಡಿದ್ದೆ. ‘ಅನಿರ್ದಿಷ್ಟ ಅವಧಿ’ಯನ್ನು ‘ಬಹಳ ಕಾಲ’ ಎಂದು ತಿದ್ದಿ ತೃಪ್ತನಾಗಿದ್ದೆ. ಪತ್ರವನ್ನು ಪರೀಕ್ಷಿಸಲು ಕೂರಿಸಿಕೊಂಡಿದ್ದ ಹಿರಿಯರೊಬ್ಬರು ಕನ್ನಡಕ ತೆಗೆದು ಕೇಳಿದರು: “ಬಹಳ ಕಾಲ ಎಂದರೆ? ನಾನು ಹೋದ ಮೇಲೂ ಇರುತ್ತದೆಯೇ?”

ಸಂಶೋಧಕರನ್ನು ಕೇಳಿದೆ. ಇರುತ್ತದೆ ಎಂದರು. ‘ನಿಮ್ಮ ಜೀವಿತದ ನಂತರವೂ ಈ ರಕ್ತ ನಮ್ಮಲ್ಲಿ ಇರಬಹುದು’ ಎಂದು ಬರೆದೆ. ಇದನ್ನು ಓದಿದರೆ ಯಾರೂ ಸಹಿ ಹಾಕುವುದಿಲ್ಲ ಎಂದು ಸಂಶೋಧಕರು ತಕರಾರು ತೆಗೆದರು. ಇಂಥ ಅಧ್ಯಯನಗಳನ್ನು ಪರಿಶೀಲಿಸುವ ನೈತಿಕ ಸಮಿತಿಗೆ ಹೋಯಿತು. ಸಮಿತಿ ವಾಕ್ಯವನ್ನು ಉಳಿಸಿತು, ಅದರ ಪಕ್ಕಕ್ಕೆ, ಒಪ್ಪುವವರು ಗುರುತು ಹಾಕಲೆಂದು, ಪ್ರತ್ಯೇಕವಾಗಿ ಒಂದು ಚೌಕ ಹಾಕಿಸಿತು: ರಕ್ತ ಇಟ್ಟುಕೊಳ್ಳಲು ಒಪ್ಪದಿದ್ದರೂ ಅಧ್ಯಯನಕ್ಕೆ ಸೇರಬಹುದು.

ತಿದ್ದಿದ ಪ್ರತಿಯನ್ನು ಮೊದಲು ಅದೇ ಹಿರಿಯರಿಗೆ ತೋರಿಸಿದೆ. ಸಹಿ ಹಾಕಬೇಕಾದವರು ಅವರಲ್ಲ, ಆದರೂ ಪೆನ್ನು ಕೇಳಿ ಪಡೆದು ಪುಟ ಪುಟವನ್ನೂ ಓದುತ್ತಾ, ಒಪ್ಪಿದ ಕಡೆಯೆಲ್ಲ ಗುರುತು ಹಾಕುತ್ತಾ ಹೋದರು. ಆ ಚೌಕದ ಬಳಿ ತುಸು ಹೊತ್ತು ನಿಂತರು. ಅದನ್ನು ಖಾಲಿ ಬಿಟ್ಟು ಪುಟ ತಿರುವಿದರು.