ಬಿಸಿಲ ಸೀಮೆಯಲ್ಲಿ ವೈನ್ ರುಚಿ ನೋಡುವ ಬಗೆ

‘ರೆಡ್ ವೈನನ್ನು ಕೋಣೆಯ ಉಷ್ಣಾಂಶದಲ್ಲೇ ಕುಡಿಯಬೇಕು’ ಎಂಬ ಮಾತನ್ನು ನಂಬಿ ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಗಳಲ್ಲಿ ಹಾಳಾದ ಬಾಟಲಿಗಳಿಗೆ ಲೆಕ್ಕವಿಲ್ಲ. ಆ ಮಾತು ಹುಟ್ಟಿದ್ದು ಯುರೋಪಿನ ಚಳಿ ಮನೆಗಳಲ್ಲಿ. ಅಲ್ಲಿ ಕೋಣೆ ಎಂದರೆ 16ರಿಂದ 18 ಡಿಗ್ರಿ. ನಮ್ಮಲ್ಲಿ ಏಪ್ರಿಲ್ ಸಂಜೆ ಫ್ಯಾನಿನ ಕೆಳಗಿಟ್ಟ ಬಾಟಲಿಯೂ 35 ದಾಟಿರುತ್ತದೆ. ಆ ಬಿಸಿಯಲ್ಲಿ ಗ್ಲಾಸಿಗೆ ಸುರಿದರೆ ಮದ್ಯಸಾರವೇ ಮೊದಲು ಎದ್ದು ಮೂಗಿಗೆ ಚುಚ್ಚುತ್ತದೆ, ಹಣ್ಣಿನ ವಾಸನೆ ಅದರಡಿ ಮುಚ್ಚಿಹೋಗುತ್ತದೆ, ಹುಳಿ ಸಪ್ಪಗಾಗುತ್ತದೆ. ಕುಡಿದವರು ‘ಕೆಮ್ಮಿನ ಔಷಧಿ ಇದ್ದಂಗೈತಿ’ ಎಂದು ಮುಖ ಸಿಂಡರಿಸುತ್ತಾರೆ. ವರ್ಣನೆ, ಊಟದ ಜೋಡಿ ಎಲ್ಲ ಆಮೇಲೆ. ಮೊದಲು ಬಾಟಲಿ ತಣ್ಣಗಾಗಲಿ.

ಕೊಳ್ಳುವಾಗ

ಬೋರ್ಡಿನಲ್ಲಿ ‘ವೈನ್ಸ್’ ಎಂದಿದ್ದರೂ ಒಳಗೆ ವೈನ್ ಇರುವ ಅಂಗಡಿ ಕಡಿಮೆ. ಇದ್ದರೂ ಮೇಲಿನ ಹಲಗೆಯಲ್ಲಿ ಟ್ಯೂಬ್‌ಲೈಟಿನ ಪಕ್ಕ ದೂಳು ಹಿಡಿದು ನಿಂತ ನಾಲ್ಕು ಬಾಟಲಿ. ಅವನ್ನು ಮುಟ್ಟಬೇಡಿ. ಕಾರ್ಕ್ ಮೇಲಕ್ಕೆ ಉಬ್ಬಿದ್ದರೆ, ಕತ್ತಿನ ಕವಚದ ಕೆಳಗೆ ಅಂಟುಅಂಟಾದ ಕಲೆ ಇದ್ದರೆ, ಒಳಗಿನದು ಬಿಸಿಗೆ ಹಿಗ್ಗಿ ಸೋರಿದೆ ಎಂದೇ ಲೆಕ್ಕ. ಎಸಿ ಇರುವ ಅಂಗಡಿಯಲ್ಲಿ ತಿರುಪು ಮುಚ್ಚಳದ ಬಾಟಲಿ ಕೊಳ್ಳಿ. ಅದನ್ನು ಕಾರಿನ ಡಿಕ್ಕಿಯಲ್ಲಿಟ್ಟು ಸಂತೆಗೆ ಹೋಗಬೇಡಿ.

ಮೊದಲ ಸಲಕ್ಕೆ ನಾಲ್ಕು ಸಾಕು: ಬಿಳಿಯಲ್ಲಿ ಶೆನಿನ್ ಬ್ಲಾಂ, ಸೋವಿನ್ಯೋ ಬ್ಲಾಂ, ಕೆಂಪಿನಲ್ಲಿ ಶಿರಾಜ್, ಕ್ಯಾಬರ್ನೆ ಸೋವಿನ್ಯೋ. ಇವು ದ್ರಾಕ್ಷಿ ತಳಿಗಳ ಹೆಸರು. ನಾಸಿಕ್‌ನ ಸುಲಾ, ನಂದಿಬೆಟ್ಟದ ಕಡೆಯ ಗ್ರೋವರ್ ಜಂಪಾ, ನಮ್ಮದೇ ಹಂಪಿ ಸೀಮೆಯ ಕೃಷ್ಮಾ, ಯಾವ ಕಂಪನಿಯದಾದರೂ ಆದೀತು. ಸಿಹಿ ‘ಪೋರ್ಟ್’ನಿಂದ ಮಾತ್ರ ಶುರು ಮಾಡಬೇಡಿ. ಸಕ್ಕರೆ ನಾಲಿಗೆ ಮೇಲೆ ಕೂತರೆ ಮುಂದಿನದೆಲ್ಲ ಹುಳಿಯಾಗಿಯೇ ಕಾಣುತ್ತದೆ.

ತಣಿಸುವಾಗ

ಬಿಳಿ ವೈನಿಗೆ 8ರಿಂದ 12 ಡಿಗ್ರಿ, ಗಟ್ಟಿ ಕೆಂಪಿಗೆ 16ರಿಂದ 18, ನೊರೆಯೇಳುವ ಸ್ಪಾರ್ಕ್ಲಿಂಗ್‌ಗೆ 6ರಿಂದ 8. ನಡುಮನೆಯ ಬಿಸಿಯಲ್ಲಿದ್ದ ಬಾಟಲಿಯನ್ನು ಫ್ರಿಜ್‌ನಲ್ಲಿಟ್ಟರೆ ಕೆಂಪಿಗೆ ಸುಮಾರು 2 ಗಂಟೆ, ಬಿಳಿಗೆ 4 ಗಂಟೆ ಬೇಕು. ‘ಅರ್ಧ ಗಂಟೆ ಇಟ್ಟಿದ್ದೆವಲ್ಲ’ ಎನ್ನುವವರ ಬಾಟಲಿಯಲ್ಲಿ ತಣ್ಣಗಾಗಿರುವುದು ಗಾಜು ಮಾತ್ರ.

ಅವಸರವಿದ್ದರೆ ಬಕೆಟ್ಟೇ ವಾಸಿ. ಅರ್ಧ ಐಸ್, ಅರ್ಧ ನೀರು, ಮೇಲೆ ಒಂದು ಹಿಡಿ ಕಲ್ಲುಪ್ಪು. ಬರೀ ಐಸ್ ತುಂಬುವುದೇ ಎಲ್ಲರೂ ಮಾಡುವ ತಪ್ಪು. ತುಂಡುಗಳ ನಡುವೆ ಗಾಳಿ ಉಳಿಯುತ್ತದೆ, ಗಾಳಿಗೆ ಬಿಸಿ ಎಳೆಯುವ ಶಕ್ತಿಯಿಲ್ಲ. ನೀರಾದರೆ ಗಾಜಿಗೆ ಪೂರ್ತಿ ಅಂಟಿಕೊಳ್ಳುತ್ತದೆ. ಬಾಟಲಿ ಕತ್ತಿನವರೆಗೆ ಮುಳುಗಲಿ, ಐದು ನಿಮಿಷಕ್ಕೊಮ್ಮೆ ಹೊರಳಿಸಿ. ಕೆಂಪು 15 ನಿಮಿಷದಲ್ಲಿ, ಬಿಳಿ 30 ನಿಮಿಷದಲ್ಲಿ ತಯಾರು. ಕೆಂಪನ್ನು ಅಲ್ಲೇ ಮರೆತರೆ ಇನ್ನೊಂದು ತೊಂದರೆ: ಅತಿ ತಂಪಿನಲ್ಲಿ ಹಣ್ಣಿನ ವಾಸನೆ ಅಡಗಿ ಒಗರಷ್ಟೇ ಮುಂದೆ ಬರುತ್ತದೆ. ಆಗ ಗ್ಲಾಸನ್ನು ಎರಡೂ ಅಂಗೈಯಲ್ಲಿ ಹಿಡಿದು ಕೂರಿ, ನಮ್ಮ ಹವೆಯಲ್ಲಿ ಹೆಚ್ಚು ಹೊತ್ತು ಬೇಕಿಲ್ಲ.

ಕರೆಂಟೂ ಐಸೂ ಇಲ್ಲದಾಗ ಬಾಟಲಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿಗಿಡುವುದುಂಟು. ಬೇಸಿಗೆಯ ಒಣಹವೆಯಲ್ಲಿ 25 ಡಿಗ್ರಿಯ ಆಸುಪಾಸಿಗೆ ಇಳಿದೀತು, ಅದರ ಕೆಳಗಿಲ್ಲ. ಮಳೆಗಾಲದಲ್ಲಿ ಅಷ್ಟೂ ಇಲ್ಲ. ಫ್ರೀಜರ್‌ನಲ್ಲಿಟ್ಟು ಮರೆತರೆ ಕಾರ್ಕ್ ಹೊರಗೆ ಬರುತ್ತದೆ, ಇಲ್ಲವೇ ಬಾಟಲಿಯೇ ಒಡೆಯುತ್ತದೆ. ಗ್ಲಾಸಿಗೆ ಐಸ್ ಹಾಕಿದರೆ ಹತ್ತು ನಿಮಿಷದಲ್ಲಿ ಕುಡಿಯುತ್ತಿರುವುದು ನೀರು. ಆನ್‌ಲೈನ್‌ನಲ್ಲಿ ಮಾರುವ ‘ತಂಪಿನ ಕಲ್ಲು’ಗಳಿಗೆ ದುಡ್ಡು ಹಾಕಬೇಡಿ, ಎರಡು ಕಲ್ಲಿನಿಂದ ಒಂದೆರಡು ಡಿಗ್ರಿ ಇಳಿದರೆ ಹೆಚ್ಚು. ಒಂದು ಸಲಕ್ಕೆ 50 ಮಿ.ಲೀ. ಮಾತ್ರ ಸುರಿದು ಬಾಟಲಿಯನ್ನು ಮತ್ತೆ ಬಕೆಟ್ಟಿಗಿಳಿಸಿ. 750 ಮಿ.ಲೀ. ಬಾಟಲಿಗೆ ಹೀಗೆ 15 ಪಾಲು ಬರುತ್ತದೆ.

ಗ್ಲಾಸು, ಬಣ್ಣ

ಹೊಟ್ಟೆ ಅಗಲ, ಬಾಯಿ ಕಿರಿದಾದ ಗಾಜಿನ ಲೋಟ ಬೇಕು. ಸ್ಟೀಲ್ ಲೋಟ ಬೇಡ, ಬಣ್ಣ ಕಾಣುವುದಿಲ್ಲ. ಸೋಪಿನ ವಾಸನೆ ಉಳಿಯದಂತೆ ಬಿಸಿನೀರಲ್ಲಿ ತೊಳೆದು ಬೋರಲು ಹಾಕಿ. ಊದುಬತ್ತಿ ಆರಿಸಿ, ಮಲ್ಲಿಗೆ ದಂಡೆ ಒಳಕೋಣೆಯಲ್ಲಿರಲಿ. ಬಣ್ಣವನ್ನು ಬಿಳಿ ಹಾಳೆಯ ಎದುರು ಓರೆಯಾಗಿ ಹಿಡಿದು ನೋಡಿ. ಹೊಸ ಬಿಳಿ ವೈನ್ ಕಂದಾಗಿದ್ದರೆ ಕೆಟ್ಟಿದೆ. ಬಿಳಿ ಮೊದಲು, ಕೆಂಪು ನಂತರ, ಸಿಹಿ ಕೊನೆಗೆ.

ಮೂಗಿನ ಕೆಲಸ

ತಣಿಸುವುದನ್ನು ಬಿಟ್ಟರೆ ಜನ ಸೋಲುವುದು ಇಲ್ಲಿ. ಗ್ಲಾಸಿನ ಕಾಲು ಹಿಡಿದು ಮೇಜಿನ ಮೇಲೇ ಮೂರು ಸುತ್ತು ತಿರುಗಿಸಿ, ಮೂಗು ಒಳಗಿಟ್ಟು ಎರಡು ಸಣ್ಣ ಉಸಿರು ಎಳೆಯಿರಿ. ಉದ್ದ ಉಸಿರು ಬೇಡ, ಮೂಗು ಬೇಗ ಒಗ್ಗಿಹೋಗುತ್ತದೆ. ಆಮೇಲೆ ನಿಮ್ಮ ಸಂತೆಯ ಹೆಸರುಗಳನ್ನೇ ಹೇಳಿ. ಲೇಬಲ್ ಓದಿ ‘ಬ್ಲ್ಯಾಕ್‌ಕರಂಟ್’ ಎನ್ನುವವರು ಆ ಹಣ್ಣನ್ನು ಕಣ್ಣಲ್ಲೂ ಕಂಡಿರುವುದಿಲ್ಲ. ಸೋವಿನ್ಯೋ ಬ್ಲಾಂನಲ್ಲಿ ಪೇರಲ ಹಣ್ಣು, ಆಗಷ್ಟೇ ಹೆಚ್ಚಿದ ದೊಣ್ಣೆಮೆಣಸಿನಕಾಯಿ ಸಿಗುತ್ತದೆ. ಅದು ಕಲ್ಪನೆಯಲ್ಲ, ಆ ಕಾಯಿಯಲ್ಲಿರುವ ಪೈರಜಿನ್ ಈ ದ್ರಾಕ್ಷಿಯಲ್ಲೂ ಇದೆ. ಕಾಳುಮೆಣಸಿಗೆ ಅದರ ಪರಿಮಳ ಕೊಡುವ ರೊಟಂಡೋನ್ ಶಿರಾಜ್‌ನ ಸಿಪ್ಪೆಯಲ್ಲಿದೆ. ನೇರಳೆ ಹಣ್ಣು, ಬಾರಿಹಣ್ಣು, ಲವಂಗ, ಮೊದಲ ಮಳೆಗೆ ನೆನೆದ ಎರೆಮಣ್ಣು, ಇವೆಲ್ಲ ಹೇಳಬಹುದಾದ ಮಾತುಗಳೇ. ಸಂಶಯವಿದ್ದರೆ ಒಂದು ಪೇರಲ ಕೊಯ್ದು, ನಾಲ್ಕು ಕಾಳುಮೆಣಸು ಕುಟ್ಟಿ ಪಕ್ಕದಲ್ಲಿಟ್ಟು ಹೋಲಿಸಿ. ವಾಸನೆ ಗುರುತಿಸಲು ಕಲಿಸುವ ಸಾವಿರಗಟ್ಟಲೆ ರೂಪಾಯಿಯ ಕಿಟ್‌ಗಿಂತ ಇದು ಮೇಲು.

ನೆನೆದ ಗೋಣಿಚೀಲದ ಮುಗ್ಗಲು ನಾತ ಬಂದರೆ ಕಾರ್ಕ್ ಕೆಟ್ಟದ್ದು. ನೇಲ್‌ಪಾಲಿಶ್ ತೆಗೆಯುವ ದ್ರವದ ಘಾಟು ಬಂದರೆ ವಿನಿಗರ್ ಕಡೆಗೆ ಹೊರಟಿದೆ. ಎರಡನ್ನೂ ವರ್ಣಿಸುತ್ತ ಕೂರದೆ ಚೆಲ್ಲಿ.

ಬಾಯಲ್ಲಿ

ಎರಡು ಚಮಚದಷ್ಟು ಬಾಯಿಗೆ ತೆಗೆದುಕೊಂಡು ಒಸಡು, ಕೆನ್ನೆ, ನಾಲಿಗೆಯಡಿ ಎಲ್ಲ ಕಡೆ ಹೊರಳಿಸಿ. ಹುಳಿ ಎಷ್ಟೆಂದು ಬಾಯಲ್ಲಿ ನೀರೂರುವುದೇ ಹೇಳುತ್ತದೆ. ಕೆಂಪಿನ ಟ್ಯಾನಿನ್ನಿಗೆ ಇಂಗ್ಲಿಷಿನವರು ಹತ್ತು ಶಬ್ದ ಹುಡುಕುತ್ತಾರೆ, ನಮಗೆ ‘ಒಗರು’ ಒಂದೇ ಸಾಕು. ಎಳೆ ಬಾಳೆಕಾಯಿ ಕಚ್ಚಿದಾಗ, ಹಸಿ ಅಡಿಕೆ ಅಗಿದಾಗ ಬಾಯಿ ಹಿಡಿದುಕೊಳ್ಳುತ್ತದಲ್ಲ, ಅದೇ. ಇದನ್ನು ಕಹಿ ಎನ್ನಬೇಡಿ. ಕಹಿ ನಾಲಿಗೆಗೆ ತಿಳಿಯುವ ರುಚಿ, ಒಗರು ಒಸಡನ್ನು ಒಣಗಿಸುತ್ತದೆ. ನುಂಗಿ ಅಥವಾ ಉಗುಳಿ, ರುಚಿ ಎಷ್ಟು ಸೆಕೆಂಡ್ ಉಳಿಯಿತೆಂದು ಎಣಿಸಿ. ಗಾಡಿ ಓಡಿಸುವವರು ನಾಲ್ಕನ್ನೂ ಉಗುಳಿಯೇ ಬಿಡಬೇಕು, ಅವರಿಗೊಂದು ಚೊಂಬು ಇರಲಿ.

ಚೀಟಿಯಲ್ಲಿ ಹೀಗೆ ಬರೆದರೆ ಸಾಕು: ‘ಶಿರಾಜ್. ಕಡು ನೇರಳೆ ಬಣ್ಣ. ನೇರಳೆ ಹಣ್ಣು, ಕಾಳುಮೆಣಸು. ಹುಳಿ ಹದ. ಒಗರು ಒಸಡಿಗೆ ಹಿಡಿಯಿತು. 8 ಸೆಕೆಂಡ್.’ ಒಂದರಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಒಂದು ಗುಟುಕು ನೀರು, ಒಂದು ಮುಷ್ಟಿ ಒಣ ಮಂಡಕ್ಕಿ. ಒಗ್ಗರಣೆ ಹಾಕಿದ್ದಲ್ಲ.

ಊಟದ ಜೊತೆ

ಖಾರವೇ ಇಲ್ಲಿ ಯಜಮಾನ. ಮೆಣಸಿನಕಾಯಿಯ ಉರಿ ಮದ್ಯಸಾರದ ಉರಿಯನ್ನೂ ಒಗರನ್ನೂ ಹೆಚ್ಚಿಸುತ್ತದೆ. ಹಾಗಾಗಿ ಮಂಡಕ್ಕಿ ಒಗ್ಗರಣೆ, ಮಿರ್ಚಿಯ ಪಕ್ಕಕ್ಕೆ ಕ್ಯಾಬರ್ನೆ ತರಬೇಡಿ. ತುಸು ಸಿಹಿಯಿರುವ ತಣ್ಣನೆಯ ಶೆನಿನ್ ಬ್ಲಾಂ ತನ್ನಿ. ಪುಂಡಿಪಲ್ಯದ ಹುಳಿಗೆ ಅಷ್ಟೇ ಹುಳಿಯಿರುವ ಸೋವಿನ್ಯೋ ಬ್ಲಾಂ ಬೇಕು, ಮೆತ್ತನೆಯ ಕೆಂಪು ಅದರೆದುರು ನೀರಾಗುತ್ತದೆ. ಜೋಳದ ರೊಟ್ಟಿ, ಶೇಂಗಾ-ಗುರೆಳ್ಳು ಹಾಕಿದ ಎಣ್ಣೆಗಾಯಿಗೆ ಖಾರ ಸ್ವಲ್ಪ ಹಿಡಿದರೆ ಶಿರಾಜ್ ಒಪ್ಪುತ್ತದೆ. ಮಟನ್‌ಗಂತೂ ಶಿರಾಜೇ. ತುಂಗಭದ್ರೆಯ ಮೀನಿಗೆ ಒಗರಾದ ಕೆಂಪು ಹಾಕಿದರೆ ಬಾಯಲ್ಲಿ ಕಬ್ಬಿಣದ ರುಚಿ ಬರುತ್ತದೆ, ಬಿಳಿಗೆ ನಿಲ್ಲಿ. ಶೇಂಗಾ ಹೋಳಿಗೆಗೆ ಅದಕ್ಕಿಂತ ಸಿಹಿಯಾದ ವೈನ್ ಸಿಕ್ಕರೆ ಸರಿ, ಇಲ್ಲದಿದ್ದರೆ ಹೋಳಿಗೆಗೆ ತುಪ್ಪವೇ ಸಾಕು.

ಉಳಿದದ್ದಕ್ಕೆ ಮುಚ್ಚಳ ಬಿಗಿದು, ಕೆಂಪಾದರೂ ಸರಿ, ಫ್ರಿಜ್‌ನಲ್ಲಿ ನೆಟ್ಟಗೆ ನಿಲ್ಲಿಸಿ, ತೆರೆದ ತಾರೀಕು ಬರೆದಿಡಿ. ಮೂರು ದಿನದವರೆಗೆ ಕುಡಿಯಬಹುದು. ಆಮೇಲೆ ಮಟನ್ ನೆನೆಸಲು ಬಳಸಿ, ಒಂದು ಕಿಲೋಗೆ ಅರ್ಧ ಲೋಟ.